ಕ್ಲಾಂಪ್ ಯಾಕೆ ಜಾರೋದಿಲ್ಲ, ನಮ್ಮ ಬಾಗಿಲು ಯಾಕೆ ಬಿರಿಯಿತು

ಗವಿಮಠದ ಜಾತ್ರೆ ಮುಗಿದ ಮರುವಾರ ನಮ್ಮ ಹೊಸ ಮನೆಗೆ ತಲೆಬಾಗಿಲು ಕೂರಿಸಿದರು. ಸಾಗವಾನಿಯ ನಾಲ್ಕು ಹಲಗೆ, ಒಂದೊಂದೂ 10 ಇಂಚು ಅಗಲ, ಪಕ್ಕಪಕ್ಕ ಅಂಟಿಸಿ ಮಾಡಿದ ಬಾಗಿಲು. ಕೊಪ್ಪಳದಲ್ಲಿ ನಮ್ಮ ಓಣಿಗೆ ಬಂದವರೆಲ್ಲ ಅದರ ಮೇಲೆ ಒಮ್ಮೆ ಕೈಯಾಡಿಸಿ ಹೋಗುತ್ತಿದ್ದರು. ಯುಗಾದಿ ಕಳೆದು ಹದಿನೈದು ದಿನಕ್ಕೆ, ಒಂದು ರಾತ್ರಿ, ಟಕ್ ಅಂತ ಸದ್ದಾಯಿತು. ಬೆಳಿಗ್ಗೆ ನೋಡಿದರೆ ಬಾಗಿಲ ಕೆಳತುದಿಯಲ್ಲಿ ಎರಡನೇ ಮತ್ತು ಮೂರನೇ ಹಲಗೆಯ ನಡುವೆ ಸೀಳು. ಒಂದು ಗೇಣು ಉದ್ದ. ಮದುವೆ ಕಾರ್ಡಿನ ಮೂಲೆ ಸಲೀಸಾಗಿ ಒಳಗೆ ಹೋಗುತ್ತಿತ್ತು.

"ಯಾರದೋ ಕಣ್ಣು ಬಿದ್ದೈತಿ" ಅಂದರು ದೊಡ್ಡವ್ವ. ಸಂಜೆಯೊಳಗೆ ನಿಂಬೆಹಣ್ಣು, ಮೆಣಸಿನಕಾಯಿ ಬಾಗಿಲಿಗೆ ಬಂದವು.

ನಿಂಬೆಹಣ್ಣಿನ ಬಗ್ಗೆ ನನಗೆ ಬೇಸರ ಇಲ್ಲ. ಕಣ್ಣು ಬಿತ್ತು ಅಂದ ಕೂಡಲೇ ಹುಡುಕೋದು ನಿಂತುಹೋಗುತ್ತಲ್ಲ, ಬೇಸರ ಅದಕ್ಕೆ. ಆ ಸೀಳಿಗೆ ಕಾರಣ ಇತ್ತು. ಅದು ಬಾಗಿಲು ಮನೆಗೆ ಬರೋ ಮೊದಲೇ, ಅಂಟು ಹಚ್ಚಿದ ಹಲಗೆಗಳನ್ನು ಅದುಮಿ ಹಿಡಿಯೋ ಕ್ಲಾಂಪ್ ಬಿಗಿಯೋ ಹೊತ್ತಿಗೇ ಮರದೊಳಗೆ ಸೇರಿಕೊಂಡಿತ್ತು. ನಾನೂ ಅಲ್ಲೇ ನಿಂತಿದ್ದೆ. ನಾಲ್ಕು ಹಲಗೆ ಪಕ್ಕಪಕ್ಕ ಇಟ್ಟಾಗ ನಡುವೆ ಕೂಡಿದ್ದವು, ಎರಡೂ ತುದಿಯಲ್ಲಿ ಸಂದು ಇತ್ತು. ಸಂದಿನಲ್ಲಿ ಬೆಳಕು ಕಾಣುತ್ತಿತ್ತು. ಹೀಗಿದೆಯಲ್ಲ ಅಂತ ಕೇಳಿದ್ದಕ್ಕೆ ಬಡಿಗರು, "ಶಿಕಂಜ ಹಾಕಿ ಬಿಗಿ ಮಾಡಿದ್ರ ಕೂಡ್ತೈತ್ರಿ ಸರ" ಅಂದರು. ಕೂಡಿತು ಕೂಡ. ಕ್ಲಾಂಪಿನ ಹಿಡಿಗೆ ಒಂದು ಪೈಪು ಸಿಕ್ಕಿಸಿ ಇಬ್ಬರು ಸೇರಿ ತಿರುಗಿಸಿದರು.

ಶಿಕಂಜ ಅಂದ್ರೆ ಕ್ಲಾಂಪೇ. ಪದ ಪಾರಸಿ, ಉರ್ದುವಿನಿಂದ ಬಂದದ್ದು. ಪುಸ್ತಕ ಕಟ್ಟುವವರು ಹಾಳೆ ಅದುಮಿಡೋ ಯಂತ್ರಕ್ಕೂ ಅದೇ ಹೆಸರು. ಸೆಂಟ್ರಿಂಗ್ ಕೆಲಸದವರು ಕಾಲಂ ಸುತ್ತ ಹಾಕೋ ಕಬ್ಬಿಣದ ಪಟ್ಟಿಗೂ ಶಿಕಂಜ ಅಂತಾರೆ. 1948ರವರೆಗೂ ರಾಯಚೂರು, ಕೊಪ್ಪಳ ನಿಜಾಮರ ಆಳ್ವಿಕೆಯಲ್ಲಿದ್ದವು. ಇಂಥ ಪದ ನಮ್ಮ ಕಿವಿಗೆ ಹೊಸದೇನಲ್ಲ.

ಬಿಗಿದಷ್ಟೂ ಗಟ್ಟಿ ಅನ್ನೋ ನಂಬಿಕೆ ಎಲ್ಲ ಕಡೆ ಇದೆ. ಅದು ಯಾಕೆ ತಪ್ಪು ಅಂತ ಹೇಳೋ ಮೊದಲು ಕ್ಲಾಂಪ್ ಹೇಗೆ ಹಿಡಿಯುತ್ತೆ ಅಂತ ಹೇಳಲೇಬೇಕು. ನನ್ನ ಮಟ್ಟಿಗೆ ಬಡಿಗರ ಪೆಟ್ಟಿಗೆಯಲ್ಲಿ ಇದಕ್ಕಿಂತ ಚೆಂದದ ವಿಜ್ಞಾನ ಇನ್ನೊಂದಿಲ್ಲ.

ಎಫ್ ಕ್ಲಾಂಪ್ ತೆಗೆದುಕೊಳ್ಳಿ. ಒಂದು ಉದ್ದ ಕಬ್ಬಿಣದ ಪಟ್ಟಿ. ಅದರ ತುದಿಯಲ್ಲಿ ಅಲ್ಲಾಡದ ಒಂದು ತೋಳು. ಇನ್ನೊಂದು ತೋಳು ಪಟ್ಟಿಯುದ್ದಕ್ಕೂ ಸರಾಗವಾಗಿ ಜಾರುತ್ತೆ, ಅದರ ತುದಿಯಲ್ಲಿ ಸ್ಕ್ರೂ. ಆ ಜಾರೋ ತೋಳಿಗೆ ಬೀಗ ಇಲ್ಲ, ಹಲ್ಲು ಇಲ್ಲ, ಮೊಳೆ ಇಲ್ಲ. ಬೆರಳಿನಿಂದ ದೂಡಿದರೆ ಸಾಕು, ಸರಿಯುತ್ತೆ. ಆದರೆ ಮರದ ಮೇಲಿಟ್ಟು ಸ್ಕ್ರೂ ತಿರುಗಿಸಿ, 150 ಕೆಜಿ ಒತ್ತಡ ಬಂದರೂ ಒಂದು ಕೂದಲಷ್ಟೂ ಹಿಂದೆ ಸರಿಯೋದಿಲ್ಲ. ಬೆರಳಿಗೆ ಜಾರಿದ್ದು 150 ಕೆಜಿಗೆ ಜಾರೋದಿಲ್ಲ ಅಂದ್ರೆ ಏನರ್ಥ?

ತೋಳಿನ ತೂತು ಪಟ್ಟಿಗಿಂತ ಸ್ವಲ್ಪ ದೊಡ್ಡದು. ಸ್ಕ್ರೂ ಇರೋದು ಪಟ್ಟಿಯಿಂದ ದೂರದಲ್ಲಿ. ಅಲ್ಲಿ ಒತ್ತಡ ಬಿದ್ದಾಗ ತೋಳು ಒಂದು ಎಳೆ ಓರೆಯಾಗುತ್ತೆ. ಆಗ ತೂತಿನ ಮೇಲಂಚು ಪಟ್ಟಿಯ ಒಂದು ಮಗ್ಗುಲನ್ನೂ, ಕೆಳಂಚು ಇನ್ನೊಂದು ಮಗ್ಗುಲನ್ನೂ ಕಚ್ಚುತ್ತೆ. ಆ ಎರಡು ಕಡಿತದಲ್ಲಿ ಹುಟ್ಟೋ ತಿಕ್ಕಾಟವೇ ಹಿಡಿತ.

ಮೇಜಿನ ಡ್ರಾಯರ್ ನೆನಪು ಮಾಡಿಕೊಳ್ಳಿ. ನಡುವೆ ಹಿಡಿದು ಎಳೆದರೆ ಬರುತ್ತೆ. ಒಂದು ಮೂಲೆ ಹಿಡಿದು ಎಳೆದರೆ ಓರೆಯಾಗಿ ಸಿಕ್ಕಿಕೊಳ್ಳುತ್ತೆ, ಸಿಟ್ಟಿನಿಂದ ಎಳೆದರೆ ಇನ್ನೂ ಬಿಗಿಯಾಗುತ್ತೆ. ಅದಕ್ಕಿಂತ ಒಳ್ಳೆ ಉದಾಹರಣೆ ಈಚಲು ಮರ ಹತ್ತುವವರದು. ಮರವನ್ನೂ ಸೊಂಟವನ್ನೂ ಸೇರಿಸಿ ಒಂದು ಹಗ್ಗದ ಕುಣಿಕೆ. ಹಿಂದಕ್ಕೆ ವಾಲಿದರೆ ಇಡೀ ಮೈಭಾರ ಮರದಿಂದ ದೂರ ಹೋಗುತ್ತೆ, ಕುಣಿಕೆ ಕಾಂಡವನ್ನು ಗಟ್ಟಿಯಾಗಿ ಹಿಡಿಯುತ್ತೆ. ಮರಕ್ಕೆ ಎದೆ ತಾಗಿಸಿದರೆ ಸಡಿಲ, ಆಗ ಮೇಲಕ್ಕೆ ಸರಿಸಬಹುದು. ಎಫ್ ಕ್ಲಾಂಪ್ ತೋಳನ್ನು ಪಟ್ಟಿಯ ಹತ್ತಿರ ಹಿಡಿದು ದೂಡಿ ನೋಡಿ, ಜಾರುತ್ತೆ. ಸ್ಕ್ರೂ ತುದಿಯಲ್ಲಿ ದೂಡಿ ನೋಡಿ, ಕಚ್ಚುತ್ತೆ. ಒಂದೇ ಲೆಕ್ಕ ಅಲ್ವಾ?

ಆ ಲೆಕ್ಕ ಸಣ್ಣದು. ಪಟ್ಟಿಯಿಂದ ಸ್ಕ್ರೂವಿಗೆ ಇರೋ ದೂರವನ್ನು ತಿಕ್ಕಾಟದ ಗುಣಾಂಕದಿಂದ (ಎರಡು ಮೈ ಒಂದನ್ನೊಂದು ಎಷ್ಟು ತಡೆಯುತ್ತವೆ ಅನ್ನೋ ಅಂಕಿ) ಗುಣಿಸಿ, ಎರಡರಷ್ಟು ಮಾಡಿ. ಮೇಲೆ ಕೆಳಗೆ ಕಚ್ಚೋ ಎರಡು ಅಂಚಿನ ನಡುವಿನ ಅಂತರ ಅದಕ್ಕಿಂತ ಕಡಿಮೆ ಇದ್ದರೆ ತೋಳು ಜಾರೋದಿಲ್ಲ. ದೂರ 100 ಮಿಲಿಮೀಟರ್, ಗುಣಾಂಕ 0.2 ಅಂದುಕೊಳ್ಳಿ. ಉತ್ತರ 40 ಮಿಲಿಮೀಟರ್. ಅಂಚುಗಳ ಅಂತರ 25 ಇದ್ದರೆ ಹಿಡಿತ ಖಾತ್ರಿ. ಈ ಲೆಕ್ಕದಲ್ಲಿ ಒತ್ತಡ ಎಷ್ಟು ಅನ್ನೋದು ಎಲ್ಲೂ ಬರಲೇ ಇಲ್ಲ, ಗಮನಿಸಿದಿರಾ? ಒತ್ತಡ ಎರಡರಷ್ಟಾದರೆ ಕಡಿತವೂ ಎರಡರಷ್ಟು, ತಿಕ್ಕಾಟವೂ ಎರಡರಷ್ಟು. ಎರಡೂ ಕಡೆ ವಜಾ ಆಗಿಬಿಡುತ್ತೆ. 10 ಕೆಜಿಗೆ ಹಿಡಿದದ್ದು 500 ಕೆಜಿಗೂ ಹಿಡಿಯುತ್ತೆ, ಪಟ್ಟಿ ಬಾಗಬೇಕೇ ಹೊರತು ತೋಳು ಜಾರೋದಿಲ್ಲ.

ಒತ್ತಡ ಹೆಚ್ಚಿದಷ್ಟೇ ತಿಕ್ಕಾಟವೂ ಹೆಚ್ಚುತ್ತೆ ಅನ್ನೋ ಈ ನಿಯಮವನ್ನು 1699ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟವರು ಗಿಯೋಮ್ ಅಮೊಂಟಾನ್ಸ್. ಹುಡುಗನಾಗಿದ್ದಾಗಲೇ ಕಿವಿ ಕೇಳದೆ ಹೋದವರು. ಅವರಿಗಿಂತ 200 ವರ್ಷ ಹಿಂದೆ ಲಿಯೊನಾರ್ಡೊ ಡಾ ವಿಂಚಿ ಇದನ್ನೇ ತನ್ನ ಟಿಪ್ಪಣಿಯಲ್ಲಿ ಬರೆದಿಟ್ಟಿದ್ದ, ಪ್ರಕಟ ಮಾಡಲಿಲ್ಲ. ಆದರೆ ಬೆಣೆ ಹೊಡೆಯುವವರ ಕೈಗೆ ಇದು ಅದಕ್ಕೂ ಮೊದಲೇ ಗೊತ್ತಿತ್ತು. ಆನೆಗೊಂದಿ, ಹಂಪಿಯ ಬಂಡೆಗಳ ಮೇಲೆ ಸಾಲಾಗಿ ತೂತು ಕೊರೆದ ಗುರುತು ಈಗಲೂ ಕಾಣುತ್ತೆ. ಬೆಣೆ ಹೊಡೆದು ಕಲ್ಲು ಸೀಳಿದ ಜಾಗ ಅವು. ಕೊಡಲಿಯ ಕಾವಿಗೆ ಹೊಡೆಯೋ ಬೆಣೆ ಹೊರಗೆ ಬಾರದಿರೋದೂ ಇದೇ ತಿಕ್ಕಾಟದಿಂದ.

ಲೆಕ್ಕದಲ್ಲಿ ಒಂದು ಎಚ್ಚರಿಕೆಯೂ ಇದೆ. ಗುಣಾಂಕ 0.1ಕ್ಕೆ ಇಳಿದರೆ ಉತ್ತರ 20 ಮಿಲಿಮೀಟರ್ ಆಗುತ್ತೆ, 25ರ ತೋಳು ಜಾರುತ್ತೆ. ಎಣ್ಣೆ ಮಾಡೋ ಕೆಲಸ ಅದು. ತುಕ್ಕು ಹಿಡಿಯುತ್ತೆ ಅಂತ ನಾನು ಒಂದು ಮಳೆಗಾಲ ಎಲ್ಲ ಕ್ಲಾಂಪ್ ಪಟ್ಟಿಗೂ ಎಣ್ಣೆ ಒರೆಸಿಟ್ಟೆ. ಮುಂದಿನ ಕೆಲಸದಲ್ಲಿ ಮೂರು ಕ್ಲಾಂಪ್ ಜಾರಿದವು. ಎಣ್ಣೆಯನ್ನು ಸ್ಕ್ರೂವಿನ ಸುತ್ತಿಗೆ ಮಾತ್ರ, ಒಂದು ಹನಿ ಹಾಕಿ. ಪಟ್ಟಿ ಒಣಗಿರಬೇಕು. ಹಳೇ ಪಟ್ಟಿ ನುಣುಪಾಗಿ ಜಾರುತ್ತಿದ್ದರೆ ಅರದಿಂದ ಅಂಚನ್ನು ನಾಲ್ಕು ಸಲ ಉಜ್ಜಿದರೆ ಸರಿಹೋಗುತ್ತೆ.

ಇನ್ನು ಸ್ಕ್ರೂ. ತ್ರಿಕೋನದ ಕಾಗದವನ್ನು ಪೆನ್ಸಿಲ್‌ಗೆ ಸುತ್ತಿದರೆ ಸ್ಕ್ರೂ ಆಯಿತು. ಅಂಜನಾದ್ರಿಯ ಮೆಟ್ಟಿಲು ನೆಟ್ಟಗೆ ಹತ್ತಿದರೆ ಏದುಸಿರು. ಬೆಟ್ಟವನ್ನು ಸುತ್ತಿ ಸುತ್ತಿ ಹೋಗೋ ದಾರಿ ಇದ್ದಿದ್ದರೆ ನಡಿಗೆ ಜಾಸ್ತಿ, ಏದುಸಿರು ಕಡಿಮೆ. ಸ್ಕ್ರೂ ಆ ಸುತ್ತುದಾರಿ. ರೋಮನ್ನರು ಇದರಿಂದ ಆಲಿವ್ ಹಿಂಡಿ ಎಣ್ಣೆ ತೆಗೆದರು, 15ನೇ ಶತಮಾನದಲ್ಲಿ ಗುಟೆನ್‌ಬರ್ಗ್ ಅಚ್ಚು ಒತ್ತಿದ. ಆದರೆ ನೀವು ಹಾಕೋ ಶ್ರಮದಲ್ಲಿ ಮರಕ್ಕೆ ಮುಟ್ಟೋದು ಸುಮಾರು ಐದರಲ್ಲಿ ಒಂದು ಪಾಲು. ಉಳಿದದ್ದನ್ನು ತಿಕ್ಕಾಟ ತಿನ್ನುತ್ತೆ. ನಷ್ಟ ಅನ್ನಬೇಡಿ. ಅರ್ಧಕ್ಕಿಂತ ಜಾಸ್ತಿ ತಿನ್ನೋ ಸ್ಕ್ರೂ ಮಾತ್ರ ಕೈ ಬಿಟ್ಟ ಮೇಲೂ ತಾನಾಗಿ ಬಿಚ್ಚಿಕೊಳ್ಳೋದಿಲ್ಲ. ಆ ತಿಕ್ಕಾಟ ಇಲ್ಲದಿದ್ದರೆ ಅಂಟು ಒಣಗೋವರೆಗೂ ನೀವೇ ಹಿಡಿ ಹಿಡಿದು ಕೂರಬೇಕಿತ್ತು.

ಈಗ ಬಾಗಿಲಿಗೆ ಬರೋಣ. ಬರಿಗೈಯಿಂದ ಬಿಗಿದ ಒಂದು ಎಫ್ ಕ್ಲಾಂಪ್ 150 ಕೆಜಿ ಆಸುಪಾಸು ಒತ್ತುತ್ತೆ. ಅಂಟು ತೆಳ್ಳಗೆ ಹರಡಿ ಮರದೊಳಗೆ ಇಳಿಯೋದಕ್ಕೆ ಒತ್ತಡ ಬೇಕು, ನಿಜ. ಆದರೆ ಒಂದೇ ಜಾಗದಲ್ಲಿ ಇಬ್ಬರ ಬಲ ಹಾಕೋದರಿಂದ ಅದು ಬರೋದಿಲ್ಲ. ನಾಲ್ಕು ಜಾಗದಲ್ಲಿ ಹಂಚಿದರೆ ಬರುತ್ತೆ. ಕ್ಲಾಂಪಿನ ಬಾಯಿಂದ ಒತ್ತಡ ಮರದೊಳಗೆ ಟಾರ್ಚ್ ಬೆಳಕಿನ ಹಾಗೆ ಹರಡುತ್ತೆ, ಎರಡೂ ಕಡೆಗೆ ಸುಮಾರು 45 ಡಿಗ್ರಿ. ಅಂಚಿನ ಹಲಗೆ 10 ಇಂಚು ಅಗಲ ಇದ್ದರೆ ಒಂದು ಕ್ಲಾಂಪ್ ಜೋಡಣೆಯ 20 ಇಂಚನ್ನು ಕಾಯುತ್ತೆ. 7 ಅಡಿ ಬಾಗಿಲಿಗೆ ಐದು ಬೇಕು. ಕಿರಿದಾದ ಹಲಗೆಗೆ ಇನ್ನೂ ಹತ್ತಿರ ಹತ್ತಿರ. ನಮ್ಮ ಬಾಗಿಲಿಗೆ ಹಾಕಿದ್ದು ಎರಡೇ, ಎರಡು ತುದಿಗೆ, ಸಂದು ಮುಚ್ಚೋದಕ್ಕೆ.

ಆ ಸಂದು ಮುಚ್ಚಿದಾಗ ಏನಾಯಿತು? ಹಲಗೆ ಬಿಲ್ಲಿನ ಹಾಗೆ ಬಾಗಿತು. ಅಂಟು ಹೆದೆಯಾಯಿತು. ಕ್ಲಾಂಪ್ ಬಿಚ್ಚಿದ ಮೇಲೆ ಆ ಎಳೆತವನ್ನೆಲ್ಲ ಹಗಲು ರಾತ್ರಿ ಹೊತ್ತದ್ದು ಕಾಗದದಷ್ಟು ತೆಳುವಾದ ಅಂಟು. ಅದರ ಮೇಲೆ ನಮ್ಮ ಸೀಮೆಯ ಬೇಸಿಗೆ. ಹಸಿ ತೇಗ ಪೂರ್ತಿ ಒಣಗೋವರೆಗೆ ಅಡ್ಡಕ್ಕೆ ಶೇ. 6ರ ಹತ್ತಿರ ಕುಗ್ಗಬಲ್ಲದು. ಅರೆ ಒಣಗಿದ 10 ಇಂಚಿನ ಹಲಗೆಯೂ ಕಾಲು ಇಂಚು ಕುಗ್ಗಿದರೆ ಆಶ್ಚರ್ಯ ಇಲ್ಲ. ಜೊತೆಗೆ ಹಲಗೆ ಒಣಗೋದು ತುದಿಯಿಂದ, ಯಾಕಂದ್ರೆ ಮರದ ಎಳೆಯ ಬಾಯಿಗಳು ತೆರೆದಿರೋದು ಅಲ್ಲೇ. ತುದಿ ಮೊದಲು ಕುಗ್ಗಿತು, ಮೊದಲೇ ಎಳೆದಾಡುತ್ತಿದ್ದ ಜಾಗ ಬಿಟ್ಟುಕೊಂಡಿತು. ರಾತ್ರಿ ಕೇಳಿದ ಟಕ್ ಅದು.

ಹಳೇ ಬಡಿಗರು ಇದರ ಉಲ್ಟಾ ಮಾಡುತ್ತಾರೆ. ಉಜ್ಜುಗೊರಡು ಹಿಡಿದು ಹಲಗೆಯ ನಡುಭಾಗವನ್ನು ಕಾಗದದ ದಪ್ಪದಷ್ಟು ಹೆಚ್ಚು ತೆಗೆಯುತ್ತಾರೆ. ತುದಿಗಳು ಮೊದಲು ಕೂಡುತ್ತವೆ, ನಡುವಿನ ಕ್ಲಾಂಪ್ ಬಿಗಿದಾಗ ತುದಿಗಳಿಗೆ ಒತ್ತಡ ಉಳಿಯುತ್ತೆ. ಬೇಸಿಗೆಯಲ್ಲಿ ತುದಿ ಕುಗ್ಗಿದರೂ ಆ ಒತ್ತಡ ಸ್ವಲ್ಪ ಕಮ್ಮಿಯಾಗುತ್ತೆ ಅಷ್ಟೇ, ಬಿರಿಯೋದಿಲ್ಲ. ಕಾಗದದ ದಪ್ಪ ಅಂದ್ರೆ ಕಾಗದದ ದಪ್ಪವೇ. ಬೆಳಕು ಧಾರಾಳ ಕಂಡರೆ ಮತ್ತೆ ಉಜ್ಜಬೇಕು.

ಕಟ್ಟಡದ ಕಡೆ ಹೋದರೆ ಕ್ಲಾಂಪ್ ಮರ ಕೂಡಿಸೋದಿಲ್ಲ, ಹಸಿ ಕಾಂಕ್ರೀಟನ್ನು ತಡೆಯುತ್ತೆ. ಹಸಿ ಕಾಂಕ್ರೀಟ್ ನೀರಿನ ಹಾಗೆ ಪಕ್ಕಕ್ಕೆ ದೂಡುತ್ತೆ, ಆದರೆ ನೀರಿಗಿಂತ ಸುಮಾರು 2.4 ಪಟ್ಟು ಭಾರ. 10 ಅಡಿ ಕಾಲಂ ಒಂದೇ ಸಲಕ್ಕೆ ತುಂಬಿದರೆ ಬುಡದ ಒಂದು ಚದರ ಅಡಿ ಹಲಗೆಯ ಮೇಲೆ 600 ಕೆಜಿಗೂ ಜಾಸ್ತಿ ಬೀಳುತ್ತೆ. ಮೇಲ್ತುದಿಯಲ್ಲಿ ಒತ್ತಡ ಬಹುತೇಕ ಇಲ್ಲವೇ ಇಲ್ಲ. ಮುನಿರಾಬಾದಿನಲ್ಲಿ ತುಂಗಭದ್ರಾ ಅಣೆಕಟ್ಟಿನ ಗೋಡೆ ಕೆಳಗೆ ದಪ್ಪ, ಮೇಲೆ ತೆಳು ಇರೋದೂ ಇದಕ್ಕೇ. ಶಿಕಂಜವನ್ನು ಸಮ ಅಂತರದಲ್ಲಿ ಹಾಕೋದು ನೋಡಿದಾಗೆಲ್ಲ ನನಗೆ ಭಯ ಆಗುತ್ತೆ. ಬುಡದಲ್ಲಿ ಹತ್ತಿರ ಹತ್ತಿರ, ಮೇಲೆ ದೂರ ದೂರ ಇರಬೇಕು. ಕಾಲಂ ಸುತ್ತಲಿನ ಹಲಗೆಯ ಬಾಕ್ಸ್ ಬಿರಿದು ಕಾಂಕ್ರೀಟ್ ಹರಿದರೆ ಅಮಾವಾಸ್ಯೆ ದಿನ ಹಾಕಿದ್ದಕ್ಕೆ ಹೀಗಾಯಿತು ಅಂತಾರೆ. ಬುಡದಲ್ಲಿ ಇನ್ನೆರಡು ಶಿಕಂಜ ಇದ್ದಿದ್ದರೆ ಯಾವ ತಿಥಿಯಲ್ಲೂ ನಿಲ್ಲುತ್ತಿತ್ತು.

ಬಿಚ್ಚದೇ ಇರೋ ಕ್ಲಾಂಪೂ ಒಂದಿದೆ, ಬಂಡಿಯ ಗಾಲಿಗೆ ಹಾಕೋ ಕಬ್ಬಿಣದ ಹಳಿ. ಗಾಲಿಗಿಂತ ಚಿಕ್ಕದಾಗಿಯೇ ಮಾಡಿ, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಸುತ್ತಿ ಬಡಿದು, ನೀರು ಹೊಯ್ಯುತ್ತಾರೆ. 4 ಅಡಿ ಗಾಲಿಯ ಹಳಿ 500 ಡಿಗ್ರಿ ಬಿಸಿಯಾದರೆ ಸುತ್ತಳತೆಯಲ್ಲಿ ಸುಮಾರು 22 ಮಿಲಿಮೀಟರ್ ಹಿಗ್ಗುತ್ತೆ. ತಣ್ಣಗಾಗುವಾಗ ಮತ್ತೆ ಕುಗ್ಗಿ ಗಾಲಿಯ ಪ್ರತಿ ಕೀಲನ್ನೂ ಒಟ್ಟಿಗೆ ಹಿಂಡುತ್ತೆ. ಯಾವ ಸ್ಕ್ರೂವೂ ಅಷ್ಟು ಸಮನಾಗಿ ಬಿಗಿಯಲಾರದು.

ಏನು ಕೊಳ್ಳಬೇಕು ಅಂತ ಕೇಳುವವರಿಗೆ: ಮೊದಲು ನಾಲ್ಕು ಎಫ್ ಕ್ಲಾಂಪ್, ಒಂದೇ ಅಳತೆಯವು. ದೊಡ್ಡದು ಒಂದಕ್ಕಿಂತ ಮಧ್ಯಮ ನಾಲ್ಕು ವಾಸಿ. ಸಿ ಕ್ಲಾಂಪ್ ಗಟ್ಟಿ, ಆದರೆ ಅಂಚಿನಿಂದ ಒಳಗೆ ಎಟುಕೋದು ಕಡಿಮೆ. ಬಾಗಿಲು, ಮೇಜಿಗೆ ಉದ್ದ ಪಟ್ಟಿಯ ಕ್ಲಾಂಪ್ ಬೇಕು, ದುಡ್ಡು ಸಾಲದಿದ್ದರೆ ಗಟ್ಟಿ ಹಲಗೆಗೆ ಎರಡು ಅಡ್ಡಪಟ್ಟಿ ಹೊಡೆದು ನಡುವೆ ಜೋಡಿ ಬೆಣೆ ಎದುರುಬದುರು ಬಡಿದರೂ ಅದೇ ಕೆಲಸ ಆಗುತ್ತೆ. ಸ್ಪ್ರಿಂಗ್ ಕ್ಲಾಂಪ್ ಹಿಡಿದುಕೊಳ್ಳೋದಕ್ಕಷ್ಟೇ, ಬಿಗಿಯೋದಕ್ಕಲ್ಲ. ಕಬ್ಬಿಣದ ಬಾಯಿಗೂ ಒಳ್ಳೆ ಮರಕ್ಕೂ ನಡುವೆ ಒಂದು ಚೂರು ಹಲಗೆ ಇಡಿ. ಜಾಲಿ, ಮತ್ತಿಯಂಥ ಒಗರು ಮರಕ್ಕೆ ಒದ್ದೆ ಅಂಟಿನ ಜೊತೆ ಕಬ್ಬಿಣ ತಾಗಿದರೆ ಕಪ್ಪು ಕಲೆ ಕೂರುತ್ತೆ, ಪ್ಲಾಸ್ಟಿಕ್ ಹಾಳೆ ಇಟ್ಟರೆ ಸಾಕು.

ವೈಶಾಖದಲ್ಲಿ ಬಾಗಿಲು ಇಳಿಸಿದೆವು. ಅದೇ ಬಡಿಗರು ಬಂದರು, ಕೇಳಿದ ಕೂಡಲೇ ಬಂದರು ಅನ್ನೋದನ್ನೂ ಹೇಳಬೇಕು. ಹಲಗೆ ಬಿಡಿಸಿ ಆರು ವಾರ ನೆರಳಲ್ಲಿ ಒಣಗಿಸಿ ಅಂಚು ಮತ್ತೆ ಉಜ್ಜಿದರು. ಅಂಟು ಹಚ್ಚೋ ಮೊದಲು ಐದೂ ಕ್ಲಾಂಪ್ ಒಮ್ಮೆ ಒಣಗೈಯಲ್ಲೇ ಹಾಕಿ ನೋಡಿದೆವು, ಮೂರು ಕೆಳಗಿಂದ, ಎರಡು ಮೇಲಿಂದ. ಎಲ್ಲ ಒಂದೇ ಕಡೆ ಹಾಕಿದರೆ ಬಾಗಿಲು ಚಾಪೆಯ ಹಾಗೆ ಬಾಗುತ್ತೆ. ಬೆಳಿಗ್ಗೆ ಆರಕ್ಕೇ ಕೆಲಸ ಹಿಡಿದೆವು, ಬಿಸಿಲೇರಿದರೆ ಬಿಳಿ ಅಂಟು ಕೈಯಲ್ಲಿರುವಾಗಲೇ ಕೆನೆಗಟ್ಟುತ್ತೆ. ಈ ಸಲ ಪೈಪು ಇಲ್ಲ. ಬರಿಗೈಯಿಂದ ತಿರುಗಿಸಿದಾಗ ಜೋಡಣೆಯುದ್ದಕ್ಕೂ ಸಾಸಿವೆ ಕಾಳಿನಂಥ ಅಂಟಿನ ಹನಿ ಸಾಲಾಗಿ ಮೂಡಿತು. ಅಲ್ಲಿಗೆ ನಿಲ್ಲಿಸಿದೆವು. ಒಂದು ತಾಸು ಬಿಟ್ಟರೂ ಕ್ಲಾಂಪ್ ತೆಗೆಯಬಹುದಿತ್ತು. ಮರುದಿನದವರೆಗೂ ಮುಟ್ಟಲಿಲ್ಲ.

ದೊಡ್ಡವ್ವ ಹೊಸ ನಿಂಬೆಹಣ್ಣು ಕಟ್ಟಿದರು. ನಾನು ಕೆಳತುದಿಯಲ್ಲಿ, ಹಳೇ ಸೀಳು ಇದ್ದ ಕಡೆ, ಜೋಡಣೆಗೆ ಅಡ್ಡವಾಗಿ ಪೆನ್ಸಿಲ್‌ನಿಂದ ಒಂದು ಗೆರೆ ಎಳೆದು ತಾರೀಕು ಬರೆದೆ. ಈ ವರ್ಷ ಯುಗಾದಿ ಆಗಿ ಒಂದು ತಿಂಗಳಿಗೆ ದೊಡ್ಡವ್ವನನ್ನು ಕರೆದು, ಇಬ್ಬರೂ ಕೂತು, ಅದೇ ಮದುವೆ ಕಾರ್ಡಿನ ಮೂಲೆ ಇಟ್ಟು ನೋಡಿದೆವು. ಹೋಗಲಿಲ್ಲ. ಅವರು ಗೆರೆಯ ಮೇಲೆ ಉಗುರಿನಿಂದ ಎರಡು ಸಲ ಎಳೆದು ನೋಡಿ, "ಸಂದು ಎಲ್ಲೈತೋ ತಿಳೀವಲ್ದು" ಅಂದರು.