ಖಾಲಿ ಅಂಕಣದಿಂದ ಕಾಣದ ಆದೇಶದವರೆಗೆ

2012ರ ಆಗಸ್ಟ್ ನಡುವಿನ ಆ ಎರಡು ಮೂರು ದಿನ ಬೆಂಗಳೂರು ಸಿಟಿ ರೈಲು ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೆಕ್ಯುರಿಟಿ ಗಾರ್ಡ್‌ಗಳು, ಹೋಟೆಲ್ ಕೆಲಸಗಾರರು, ಕಾಲೇಜು ವಿದ್ಯಾರ್ಥಿಗಳು, ಹೀಗೆ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗುವಾಹಟಿಯ ರೈಲಿಗೆ ಮುಗಿಬಿದ್ದಿದ್ದರು. ಅಸ್ಸಾಂನ ಕೊಕ್ರಝಾರ್ ಗಲಭೆಯ ಸೇಡನ್ನು ಇಲ್ಲಿ ತೀರಿಸಿಕೊಳ್ಳುತ್ತಾರೆ ಎಂಬ ವದಂತಿ ಮೊಬೈಲಿನಿಂದ ಮೊಬೈಲಿಗೆ ಹರಡಿತ್ತು. ರೈಲ್ವೆ ಇಲಾಖೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು.

ಕೇಂದ್ರ ಸರ್ಕಾರ ಸಗಟು ಎಸ್‌ಎಂಎಸ್‌ಗಳಿಗೆ 15 ದಿನ ಕಡಿವಾಣ ಹಾಕಿತು. ಒಮ್ಮೆಗೆ ಐದಕ್ಕಿಂತ ಹೆಚ್ಚು ಜನರಿಗೆ ಸಂದೇಶ ಕಳುಹಿಸುವಂತಿರಲಿಲ್ಲ. ಜೊತೆಗೆ 300ಕ್ಕೂ ಹೆಚ್ಚು ಜಾಲಪುಟ, ಖಾತೆ, ವಿಡಿಯೊಗಳನ್ನು ತಡೆಯಲು ಆದೇಶ ಹೊರಟಿತು. ಆ ನಿಲ್ದಾಣದ ಭಯವನ್ನು ನೆನೆದರೆ ನಿರ್ಬಂಧವೇ ಬೇಡ ಎಂದು ವಾದಿಸಲು ನನಗೆ ಬಾಯಿ ಬರುವುದಿಲ್ಲ. ಆದರೆ ಬೆಂಗಳೂರಿನದೇ ಸಂಸ್ಥೆ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಆ ಪಟ್ಟಿಯನ್ನು ಪರಿಶೀಲಿಸಿದಾಗ, ವದಂತಿ ಸುಳ್ಳೆಂದು ಬಿಡಿಸಿ ಹೇಳಿದ ಬರಹಗಳೂ ಅದರಲ್ಲಿ ಸಿಕ್ಕಿಕೊಂಡಿದ್ದವು. ಬೆಂಕಿ ಆರಿಸಲು ಬಂದವರ ಕೈಯ ಕೊಡವನ್ನೂ ಕಸಿದುಕೊಂಡಂತಾಯಿತು. ಕತ್ತರಿ ಯಾರ ಕೈಯಲ್ಲಿದೆ, ಅವರು ಯಾರಿಗೆ ಉತ್ತರ ಹೇಳಬೇಕು ಎಂಬ ಪ್ರಶ್ನೆ ನನ್ನನ್ನು ಕಾಡುವುದು ಇದಕ್ಕಾಗಿಯೇ.

ಪ್ರಶ್ನೆ ಹಳೆಯದು. 1878ರಲ್ಲಿ ವೈಸರಾಯ್ ಲಿಟ್ಟನ್ ತಂದ ದೇಶಭಾಷಾ ಪತ್ರಿಕಾ ಕಾಯ್ದೆ ಇಂಗ್ಲಿಷ್ ಪತ್ರಿಕೆಗಳನ್ನು ಬಿಟ್ಟು ನಮ್ಮ ಭಾಷೆಗಳ ಪತ್ರಿಕೆಗಳ ಕತ್ತನ್ನಷ್ಟೇ ಹಿಡಿಯಿತು. ಮ್ಯಾಜಿಸ್ಟ್ರೇಟರ ತೀರ್ಮಾನವನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿರಲಿಲ್ಲ. ಬಂಗಾಳದ ಅಮೃತ ಬಜಾರ್ ಪತ್ರಿಕೆ ಇಂಗ್ಲಿಷಿಗೆ ಬದಲಾಗಿ ತಪ್ಪಿಸಿಕೊಂಡಿತು. ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ. 1908ರಲ್ಲಿ ಪತ್ರಿಕಾ ನಿರ್ಬಂಧದ ಕಾನೂನು ಬಂದಾಗ 'ತಾತಯ್ಯ' ಎಂದೇ ಜನ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು.

ಸ್ವತಂತ್ರ ಭಾರತದ ಸಂವಿಧಾನಕ್ಕೆ ಇನ್ನೂ ನಾಲ್ಕು ತಿಂಗಳು ತುಂಬಿತ್ತಷ್ಟೆ. 1950ರ ಮೇ 26ರಂದು ಸುಪ್ರೀಂ ಕೋರ್ಟ್, ಸರ್ಕಾರದ ನಿರ್ಬಂಧಕ್ಕೆ ಒಳಗಾಗಿದ್ದ ಎರಡು ಪತ್ರಿಕೆಗಳ ಪರವಾಗಿ ತೀರ್ಪಿತ್ತಿತು. ಒಂದು ಎಡಪಂಥೀಯ 'ಕ್ರಾಸ್ ರೋಡ್ಸ್', ಇನ್ನೊಂದು ಆರೆಸ್ಸೆಸ್ ಒಲವಿನ 'ಆರ್ಗನೈಸರ್'. ಮರುವರ್ಷವೇ ನೆಹರೂ ಸರ್ಕಾರ ಮೊದಲ ತಿದ್ದುಪಡಿ ತಂದು 'ಸಾರ್ವಜನಿಕ ಸುವ್ಯವಸ್ಥೆ'ಯನ್ನು ನಿರ್ಬಂಧದ ಕಾರಣಗಳ ಸಾಲಿಗೆ ಸೇರಿಸಿತು. ಅದೇ ತಿದ್ದುಪಡಿಯಲ್ಲಿ ನಿರ್ಬಂಧ 'ಸಮಂಜಸ'ವಾಗಿರಬೇಕು ಎಂಬ ಮಾತೂ ಸೇರಿತು. ಇಂದಿಗೂ ನಾಗರಿಕನ ಕೈಹಿಡಿಯುವುದು ಆ ಒಂದೇ ಪದ.

ತುರ್ತು ಪರಿಸ್ಥಿತಿ ಹೇರಿದ 1975ರ ಜೂನ್ 25ರ ರಾತ್ರಿ ದೆಹಲಿಯ ಪತ್ರಿಕಾಲಯಗಳಿದ್ದ ಬೀದಿಯಲ್ಲಿ ವಿದ್ಯುತ್ ಕಡಿತವಾಯಿತು. ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮರುದಿನ ಇಲ್ಲಿಯೇ ಬಂಧಿತರಾದರು. ಇಂಡಿಯನ್ ಎಕ್ಸ್‌ಪ್ರೆಸ್ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತು. ಖಾಲಿ ಜಾಗವನ್ನು ಓದುಗರು ಚೆನ್ನಾಗಿಯೇ ಓದಿಕೊಂಡರು, ಸೆನ್ಸಾರ್ ಅಧಿಕಾರಿಗಳು ಅದನ್ನೂ ನಿಷೇಧಿಸಿದರು. ಏನೋ ಮುಚ್ಚಿಟ್ಟಿದ್ದಾರೆ ಎಂಬುದೇ ಜನರಿಗೆ ಗೊತ್ತಾಗಬಾರದು ಎಂಬ ಈ ಹಟವೇ ಮುಂದೆ ಅಂತರ್ಜಾಲದಲ್ಲಿ ಸಲೀಸಾಗಿ ನೆರವೇರಿತು.

ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ ಮಾಡಿದ ತಿದ್ದುಪಡಿ 66ಎ ಮತ್ತು 69ಎ ಎಂಬ ಎರಡು ಸೆಕ್ಷನ್‌ಗಳನ್ನು ಸೇರಿಸಿತು. ಮೊದಲನೆಯದು ಕಿರಿಕಿರಿ ಉಂಟುಮಾಡುವ ಸಂದೇಶಕ್ಕೂ ಮೂರು ವರ್ಷದವರೆಗೆ ಜೈಲು ಎಂದಿತು. 2012ರ ನವೆಂಬರ್‌ನಲ್ಲಿ ಬಾಳಾ ಠಾಕ್ರೆ ನಿಧನದ ಬಂದ್ ಪ್ರಶ್ನಿಸಿ ಪಾಲ್ಘರ್‌ನ ಯುವತಿಯೊಬ್ಬಳು ಫೇಸ್‌ಬುಕ್‌ನಲ್ಲಿ ಬರೆದಳು, ಗೆಳತಿ ಅದಕ್ಕೆ ಲೈಕ್ ಒತ್ತಿದಳು. ಇಬ್ಬರೂ ಬಂಧಿತರಾದರು. ಕಾನೂನು ವಿದ್ಯಾರ್ಥಿನಿ ಶ್ರೇಯಾ ಸಿಂಘಾಲ್ ಸುಪ್ರೀಂ ಕೋರ್ಟಿಗೆ ಹೋದರು, 2015ರ ಮಾರ್ಚ್ 24ರಂದು 66ಎ ರದ್ದಾಯಿತು. ಸತ್ತ ಆ ಸೆಕ್ಷನ್ನಿನಡಿ ಪೊಲೀಸರು ಕೇಸು ಹಾಕುತ್ತಲೇ ಹೋದರು. ಅಂಥ ಪ್ರಕರಣಗಳನ್ನೆಲ್ಲ ಕೈಬಿಡಿ ಎಂದು ಕೋರ್ಟ್ 2022ರಲ್ಲಿ ಮತ್ತೆ ಹೇಳಬೇಕಾಯಿತು.

ಅಂತರ್ಜಾಲದ ಬರಹಗಳನ್ನು ತಡೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುವ 69ಎ ಮಾತ್ರ ಉಳಿಯಿತು. ತಡೆಗೆ ಕಾರಣ ಲಿಖಿತವಾಗಿರಬೇಕು, ಸಮಿತಿ ಪರಿಶೀಲಿಸಬೇಕು, ಆದೇಶವನ್ನು ಪ್ರಶ್ನಿಸಲು ಅವಕಾಶವಿರಬೇಕು ಎಂಬ ರಕ್ಷಣೆಗಳಿವೆ ಎಂದೇ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿತ್ತು. ಆದರೆ 2009ರ ನಿಯಮಾವಳಿಯ 16ನೇ ನಿಯಮ ದೂರು, ಕ್ರಮ ಎರಡೂ ಗೋಪ್ಯವಾಗಿರಬೇಕು ಎನ್ನುತ್ತದೆ. ಬರೆದವನಿಗೆ ಆದೇಶವೇ ಸಿಗದಿದ್ದರೆ ಅವನು ಪ್ರಶ್ನಿಸುವುದಾದರೂ ಏನನ್ನು?

ಈ ಜಗಳದ ಮುಖ್ಯ ಅಂಗಳ ಈಗ ಕರ್ನಾಟಕ ಹೈಕೋರ್ಟ್. 39 ಕೊಂಡಿಗಳ ತಡೆಯನ್ನು ಪ್ರಶ್ನಿಸಿದ್ದ ಟ್ವಿಟರ್ ಅರ್ಜಿಯನ್ನು ಅದು 2023ರ ಜೂನ್ 30ರಂದು ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿತು. 2024ರಲ್ಲಿ ಬಂದ ಕೇಂದ್ರದ 'ಸಹಯೋಗ್' ಪೋರ್ಟಲ್ ಮೂಲಕ 69ಎ ಸಮಿತಿಯ ಹಂಗಿಲ್ಲದೆ ನಾನಾ ಇಲಾಖೆಗಳು, ರಾಜ್ಯಗಳ ಪೊಲೀಸರು ನೇರವಾಗಿ ಕಂಪನಿಗಳಿಗೆ ಸೂಚನೆ ಕಳುಹಿಸಬಹುದು. ಅದರ ವಿರುದ್ಧ ಎಕ್ಸ್ (ಹಿಂದಿನ ಟ್ವಿಟರ್) ಹಾಕಿದ ಅರ್ಜಿಯೂ 2025ರ ಸೆಪ್ಟೆಂಬರ್ 24ರಂದು ಅಲ್ಲಿಯೇ ವಜಾ ಆಯಿತು. ಎರಡೂ ಸಲ ಕಟಕಟೆಯಲ್ಲಿ ನಿಂತದ್ದು ಕಂಪನಿ. ಯಾರ ಮಾತು ಅಳಿಸಿಹೋಗಿತ್ತೋ ಅವರಲ್ಲ.