ಸ್ನ್ಯಾಪ್‌ಶಾಟ್‌ಗೆ ಮೊದಲು ಸಿಂಕ್ ಕೊಟ್ಟರೆ ಸಾಲದೇ?

ಪ್ರಶ್ನೆ: ನಮ್ಮ ಅಡಿಕೆ ಮಂಡಿಯ ಲೆಕ್ಕವೆಲ್ಲ ಒಂದು ಲಿನಕ್ಸ್ ವರ್ಚುವಲ್ ಸರ್ವರ್‌ನಲ್ಲಿದೆ. ರಾತ್ರಿ ಅದರ ಡಿಸ್ಕ್‌ನ ಸ್ನ್ಯಾಪ್‌ಶಾಟ್ (ಆ ಕ್ಷಣದ ಪ್ರತಿ) ತೆಗೆಯುವ ಮುನ್ನ ಎರಡು ಸಲ ಸಿಂಕ್ (ಮೆಮೊರಿಯಲ್ಲಿರುವುದನ್ನು ಡಿಸ್ಕ್‌ಗೆ ಬರೆಸುವ ಆಜ್ಞೆ) ಕೊಡುತ್ತೇವೆ. ಅದಾದ ಮೇಲೂ ಫೈಲ್ ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಫ್ರೀಜ್ ಮಾಡಬೇಕೇ, ಅಂದರೆ ಅದಕ್ಕೆ ಬರೆಯುವುದನ್ನು ತಡೆದಿಡಬೇಕೇ?
— ಸಾಗರದ ಓದುಗರೊಬ್ಬರು

ಮಾಡಬೇಕು. ಶಿವಮೊಗ್ಗದಿಂದ, ತೀರ್ಥಹಳ್ಳಿಯಿಂದ, ಹೊಸನಗರದಿಂದ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ಇದೇ ಉತ್ತರ ಬರೆದಿದ್ದೇನೆ. ಆದರೂ ಸಿಂಕ್ ಮೇಲಿನ ನಂಬಿಕೆ ಅಲುಗುತ್ತಿಲ್ಲವಾದ್ದರಿಂದ ಈ ಸಲ ಅದನ್ನು ಬೇರುಸಹಿತ ಕೀಳುವುದೇ ಸರಿ.

ಸಿಂಕ್ ಅನ್ನು ಎರಡು ಮೂರು ಸಲ ಕೊಡುವ ಅಭ್ಯಾಸ ಹಳೆಯ ಯೂನಿಕ್ಸ್ ಕಾಲದ್ದು. ಆಗಿನ ಸಿಂಕ್, ಬರೆಯುವ ಕೆಲಸವನ್ನು ಸರದಿಗೆ ಹಚ್ಚಿ, ಅದು ಮುಗಿಯುವ ಮೊದಲೇ ಹಿಂದಿರುಗುತ್ತಿತ್ತು. ಎರಡನೆಯ, ಮೂರನೆಯ ಸಲ ಟೈಪ್ ಮಾಡುವಷ್ಟರಲ್ಲಿ ಡಿಸ್ಕ್‌ಗೆ ಕೊಂಚ ಸಮಯ ಸಿಗುತ್ತಿತ್ತು. ಇಂದಿನ ಲಿನಕ್ಸ್‌ನಲ್ಲಿ ಸಿಂಕ್ ಬರಹ ಮುಗಿಯುವವರೆಗೆ ತಾನೇ ಕಾಯುತ್ತದೆ. ಹಾಗಾಗಿ ಎರಡನೆಯ ಸಿಂಕ್‌ನಿಂದ ಹೆಚ್ಚಿನ ಭದ್ರತೆಯೇನೂ ದೊರೆಯುವುದಿಲ್ಲ, ಮೊದಲನೆಯ ಸಿಂಕ್‌ನ ಕೊರತೆ ಹಾಗೆಯೇ ಉಳಿಯುತ್ತದೆ.

ಆ ಕೊರತೆ ಏನೆಂದರೆ, ಸಿಂಕ್ ಮೆಮೊರಿಯಲ್ಲಿ ಬಾಕಿ ಇರುವುದನ್ನು ಡಿಸ್ಕ್‌ಗೆ ಇಳಿಸುತ್ತದೆಯೇ ಹೊರತು ಹೊಸ ಬರಹವನ್ನು ತಡೆಯುವುದಿಲ್ಲ. ಗೋದಾಮಿನ ಗೇಟ್ ತೆರೆದಿಟ್ಟು, ಲಾರಿಯಿಂದ ಮೂಟೆಗಳು ಇಳಿಯುತ್ತಿರುವಾಗಲೇ ದಾಸ್ತಾನು ಎಣಿಸಿದರೆ ಆ ಎಣಿಕೆಗೆ ಎಷ್ಟು ಬೆಲೆಯೋ ಇದಕ್ಕೂ ಅಷ್ಟೇ. ಸಿಂಕ್ ಮುಗಿದ ಕ್ಷಣಕ್ಕೂ ಸ್ನ್ಯಾಪ್‌ಶಾಟ್ ಆರಂಭವಾಗುವ ಕ್ಷಣಕ್ಕೂ ನಡುವೆ ಒಂದು ಲಾಗ್ ಫೈಲ್ ಬೆಳೆದಿರಬಹುದು, ಒಂದು ಫೈಲ್‌ನ ಹೆಸರು ಬದಲಾಗಿರಬಹುದು, ಜರ್ನಲ್‌ನಲ್ಲಿ (ಬದಲಾವಣೆಗಳನ್ನು ಮೊದಲು ಬರೆದಿಡುವ ದಾಖಲೆಯಲ್ಲಿ) ಹೊಸ ವ್ಯವಹಾರವೊಂದು ಅರ್ಧಕ್ಕೆ ಬಂದಿರಬಹುದು. ಇಂಥ ಸ್ನ್ಯಾಪ್‌ಶಾಟ್ ಪೂರ್ತಿ ಹಾಳೆಂದು ನಾನು ಹೇಳುವುದಿಲ್ಲ; ಅದು ಕರೆಂಟ್ ಹೋದ ಕ್ಷಣದ ಡಿಸ್ಕ್‌ನಂತಿರುತ್ತದೆ, ಮೌಂಟ್ ಮಾಡುವಾಗ (ಬಳಕೆಗೆ ತೆರೆಯುವಾಗ) ಫೈಲ್ ಸಿಸ್ಟಮ್‌ನ ಚೌಕಟ್ಟನ್ನು ಜರ್ನಲ್ ಸರಿಪಡಿಸುತ್ತದೆ. ಆದರೆ ಇನ್ನೂ ಮೆಮೊರಿಯಲ್ಲೇ ಇದ್ದ ಮಾಹಿತಿಯನ್ನು ಯಾವ ಜರ್ನಲ್ಲೂ ಹುಟ್ಟಿಸಿಕೊಡಲಾರದು. ಡಿಸ್ಕನ್ನು ಒಂದೇ ಕ್ಷಣದಲ್ಲಿ ಸೆರೆಹಿಡಿಯದೆ, ಚಾಲೂ ಇರುವಾಗಲೇ ತುದಿಯಿಂದ ತುದಿಗೆ ನಕಲು ಮಾಡುವವರ ಸ್ಥಿತಿ ಇನ್ನೂ ಕಷ್ಟ: ನಕಲಿನ ಮೊದಲ ಭಾಗ ಒಂದು ಹೊತ್ತಿನದು, ಕೊನೆಯ ಭಾಗ ಇನ್ನೊಂದು ಹೊತ್ತಿನದು.

ಫ್ರೀಜ್ ಮಾಡುವ ಕೆಲಸದ ಕ್ರಮವೇ ಬೇರೆ, ಅದರ ಸೊಗಸೂ ಆ ಕ್ರಮದಲ್ಲೇ ಇದೆ. ಕರ್ನಲ್ (ಲಿನಕ್ಸ್‌ನ ತಿರುಳು) ಮೊದಲು ಹೊಸ ಬರಹಗಳಿಗೆ ಬಾಗಿಲು ಹಾಕಿ, ಒಳಗೆ ನಡೆಯುತ್ತಿರುವವು ಮುಗಿಯುವವರೆಗೆ ಕಾಯುತ್ತದೆ. ಆಮೇಲೆ ಮೆಮೊರಿಗೆ ಮ್ಯಾಪ್ ಮಾಡಿಕೊಂಡ ಫೈಲ್‌ಗಳ ಮೂಲಕ ನುಸುಳುವ ಬರಹವನ್ನೂ ತಡೆಯುತ್ತದೆ. ಅದಾದ ನಂತರವೇ ಸಿಂಕ್ ಮಾಡುತ್ತದೆ, ಆಗ ಮಾತ್ರ ಆ ಸಿಂಕ್‌ಗೆ ಅರ್ಥ. ಕೊನೆಗೆ ಫೈಲ್ ಸಿಸ್ಟಮ್ ತನ್ನ ಒಳಗಿನ ಕೆಲಸಗಳನ್ನೂ ನಿಲ್ಲಿಸುತ್ತದೆ. ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಮ್ ಆದರೆ ಜರ್ನಲ್ ಖಾಲಿ ಮಾಡಿ, ‘ರಿಕವರಿ ಬೇಕು’ ಎಂಬ ಗುರುತನ್ನೂ ಅಳಿಸುತ್ತದೆ. ಇದಕ್ಕೆ ಬಳಸುವ ಲಾಕ್‌ನಲ್ಲಿ ಗಮನಿಸಬೇಕಾದ ಒಂದು ಜಾಣ್ಮೆಯಿದೆ: ಫೈಲ್‌ಗೆ ಬರೆಯುವ ಪ್ರಕ್ರಿಯೆಗಳೆಲ್ಲ ರೀಡರ್ ಬದಿಯನ್ನು ಹಿಡಿಯುತ್ತವೆ, ಫ್ರೀಜ್ ಮಾಡುವವನೊಬ್ಬನೇ ರೈಟರ್ ಬದಿಯನ್ನು ಹಿಡಿಯುತ್ತಾನೆ. ಹೀಗಾಗಿ ಎಷ್ಟು ಜನ ಬೇಕಾದರೂ ಒಟ್ಟಿಗೆ ಬರೆಯಬಹುದು, ಫ್ರೀಜ್ ಮಾಡುವವನಿಗೆ ಮಾತ್ರ ಎಲ್ಲರೂ ಹೊರಬರಬೇಕು. ಮೊದಲು ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್‌ಗೆ ಮಾತ್ರ ದೊರೆಯುತ್ತಿದ್ದ ಈ ಫ್ರೀಜ್ ಆಜ್ಞೆಯನ್ನು 2009ರ ಲಿನಕ್ಸ್ 2.6.29 ಇತರ ಫೈಲ್ ಸಿಸ್ಟಮ್‌ಗಳಿಗೂ ತೆರೆದಿಟ್ಟಿತು. ಎಲ್‌ವಿಎಂ (ಡಿಸ್ಕ್‌ನ ಜಾಗವನ್ನು ಹಂಚಿ ನಿರ್ವಹಿಸುವ ಲಿನಕ್ಸ್ ಸೌಲಭ್ಯ) ಸ್ನ್ಯಾಪ್‌ಶಾಟ್ ಬಳಸುವವರಿಗೆ ಇದು ತಾನಾಗಿಯೇ ನಡೆಯುತ್ತದೆ. ಹೊರಗಿನಿಂದ ವರ್ಚುವಲ್ ಡಿಸ್ಕ್‌ನ ಸ್ನ್ಯಾಪ್‌ಶಾಟ್ ತೆಗೆಯುವ ನಿಮ್ಮಂಥವರು ಎಫ್‌ಎಸ್‌ಫ್ರೀಜ್ ಆಜ್ಞೆಯನ್ನೋ ವರ್ಚುವಲ್ ಸರ್ವರ್‌ನ ಒಳಗೇ ಓಡುವ ಗೆಸ್ಟ್ ಏಜೆಂಟ್ ಎಂಬ ಸಹಾಯಕ ಪ್ರೋಗ್ರಾಂ ಅನ್ನೋ ಬಳಸಬೇಕು.

ಫ್ರೀಜ್ ಆದ ಹೊತ್ತಿನಲ್ಲಿ ಗುಮಾಸ್ತರು ರಾಶಿ ಅಡಿಕೆಯ ಒಂದು ಪಟ್ಟಿ ನಮೂದಿಸಿ ಎಂಟರ್ ಒತ್ತಿದರೆ ಪರದೆ ಹಾಗೆಯೇ ನಿಲ್ಲುತ್ತದೆ. ಎರರ್ ಬರುವುದಿಲ್ಲ. ಪ್ರಕ್ರಿಯೆಗಳ ಪಟ್ಟಿಯಲ್ಲಿ ಆ ಪ್ರಕ್ರಿಯೆಯ ಮುಂದೆ ‘ಡಿ’ ಎಂಬ ಅಕ್ಷರ (ಎಬ್ಬಿಸಲಾಗದಂತೆ ಕಾಯುತ್ತಿದೆ ಎಂಬ ಗುರುತು) ಕಾಣುತ್ತದೆ, ಬಲವಂತವಾಗಿ ಕೊಲ್ಲುವ ಕಿಲ್ ಮೈನಸ್ 9 ಆಜ್ಞೆ ಕೊಟ್ಟರೂ ಅದು ಕದಲುವುದಿಲ್ಲ. ದಯವಿಟ್ಟು ಗಾಬರಿಯಿಂದ ಸರ್ವರ್ ಆಫ್ ಮಾಡಬೇಡಿ: ಥಾ ಮಾಡಿದೊಡನೆ, ಅಂದರೆ ಫ್ರೀಜ್ ತೆರವು ಮಾಡಿದೊಡನೆ, ಆ ಬರಹ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಓದುವುದಕ್ಕೆ ಕರ್ನಲ್ ಅಡ್ಡಿಪಡಿಸುವುದಿಲ್ಲ.

ಫ್ರೀಜ್‌ಗೂ ಮಿತಿಯಿದೆ. ಡೇಟಾಬೇಸ್ ಇನ್ನೂ ತನ್ನ ಮೆಮೊರಿಯಲ್ಲೇ ಇಟ್ಟುಕೊಂಡಿರುವುದು ಕರ್ನಲ್‌ಗೆ ಕಾಣುವುದಿಲ್ಲ. ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್ ತನ್ನದೇ ಲಾಗ್‌ನಿಂದ ಚೇತರಿಸಿಕೊಳ್ಳುತ್ತದೆ. ಲಾಗ್ ಇಡದ ಹಳೆಯ ಲೆಕ್ಕದ ಸಾಫ್ಟ್‌ವೇರ್ ಆದರೆ, ಸ್ನ್ಯಾಪ್‌ಶಾಟ್ ಹೊತ್ತಿಗೆ ಅದನ್ನು ಮುಚ್ಚಿಡುವುದೊಂದೇ ದಾರಿ.

ನೀವು ಕೇಳದಿದ್ದರೂ ನಮ್ಮ ಮಳೆಗಾಲವನ್ನು ನೆನೆದು ಇನ್ನೊಂದನ್ನು ಹೇಳಬೇಕು: ಫ್ರೀಜ್ ಆಗಿರುವಾಗಲೇ ಕರೆಂಟ್ ಹೋಗಿ, ಯುಪಿಎಸ್ಸೂ ಕೈಕೊಟ್ಟರೆ ಏನಾಗುತ್ತದೆ? ಫ್ರೀಜ್ ಎಂಬುದು ಕರ್ನಲ್‌ನ ಮೆಮೊರಿಯಲ್ಲಿರುವ ಸ್ಥಿತಿ, ಡಿಸ್ಕ್‌ನ ಮೇಲಿನ ಬೀಗವಲ್ಲ. ಮರಳಿ ಬೂಟ್ ಆದಾಗ ಫೈಲ್ ಸಿಸ್ಟಮ್ ಎಂದಿನಂತೆ ತೆರೆದುಕೊಳ್ಳುತ್ತದೆ; ಬಾಗಿಲಲ್ಲಿ ಕಾಯುತ್ತಿದ್ದ ಬರಹಗಳಷ್ಟೇ ಹೋಗುತ್ತವೆ. ಅದಕ್ಕಿಂತ ಹೆಚ್ಚು ಹೆದರಬೇಕಾದದ್ದು ಥಾ ಮಾಡಲು ಮರೆತ ಸ್ಕ್ರಿಪ್ಟ್‌ಗೆ. ಸ್ನ್ಯಾಪ್‌ಶಾಟ್ ವಿಫಲವಾದರೂ ಥಾ ನಡೆಯುವಂತೆಯೇ ಸ್ಕ್ರಿಪ್ಟ್ ಬರೆಯಿರಿ. ರೂಟ್ ಫೈಲ್ ಸಿಸ್ಟಮ್ (ಲಿನಕ್ಸ್‌ನ ಮುಖ್ಯ ಫೈಲ್‌ಗಳಿರುವುದು) ಫ್ರೀಜ್ ಮಾಡಿದರೆ ಹೊಸ ಲಾಗಿನ್ ಕೂಡ ಲಾಗ್ ಬರೆಯಲಾಗದೆ ಸಿಕ್ಕಿಕೊಳ್ಳಬಹುದು. ಆಗ ಕೀಲಿಮಣೆಯಿಂದ ಕರ್ನಲ್‌ಗೆ ನೇರ ಆಜ್ಞೆ ಕೊಡುವ ಸಿಸ್‌ಆರ್‌ಕ್ಯೂ ಸೌಲಭ್ಯ ಚಾಲನೆಯಲ್ಲಿದ್ದರೆ ಕನ್ಸೋಲ್‌ನಲ್ಲಿ ಆಲ್ಟ್, ಸಿಸ್‌ಆರ್‌ಕ್ಯೂ, ಜೆ ಕೀಲಿಗಳನ್ನು ಒಟ್ಟಿಗೆ ಒತ್ತಿ ಬಲವಂತದ ಥಾ ಮಾಡಬಹುದು.