ಹಿಂದಿನ ಡ್ರಮ್ಮಿಗೆ ಬೈಯುವ ಮೊದಲು ಬ್ರೇಕ್ ಆಯಿಲ್ ನೋಡಿ

"ಅಣ್ಣಾ, ಸಂಪಾಜೆ ಘಾಟಿ ಇಳಿಯುವಾಗ ಬ್ರೇಕ್ ಹಿಡಿಯಲಿಲ್ಲ. ಪೆಡಲ್ ಮೆತ್ತಗಾಗಿ ಕೆಳಗೇ ಹೋಯ್ತು. ಹಿಂದೆ ಡ್ರಮ್ ಇದೆ ಅಲ್ವಾ, ಕಿತ್ತು ಡಿಸ್ಕ್ ಹಾಕಿಕೊಡಿ."

ಮಡಿಕೇರಿಯಲ್ಲಿ ಗ್ಯಾರೇಜ್ ಇಟ್ಟು 22 ವರ್ಷ ಆಯಿತು, ಈಗೀಗ ಈ ಮಾತು ಜಾಸ್ತಿ ಕೇಳುತ್ತಿದ್ದೇನೆ. ಡ್ರಮ್ ಎಂದರೆ ಚಕ್ರದ ಜೊತೆ ತಿರುಗುವ ಮುಚ್ಚಿದ ಡಬ್ಬಿ, ಒಳಗಿನ ಶೂ ಎಂಬ ಪಟ್ಟಿಗಳು ಅದನ್ನು ಒತ್ತಿ ಹಿಡಿಯುತ್ತವೆ. ಡಿಸ್ಕ್ ಎಂದರೆ ತೆರೆದ ತಟ್ಟೆ, ಅದನ್ನು ಕ್ಯಾಲಿಪರ್ ಎರಡೂ ಕಡೆಯಿಂದ ಚಿಮುಟದ ಹಾಗೆ ಹಿಡಿಯುತ್ತದೆ. ಮೊನ್ನೆ ಬಂದ ಹುಡುಗನಂತೂ ಬೇರೆ ಯಾವುದೋ ಗಾಡಿಯ ಡಿಸ್ಕು, ಕ್ಯಾಲಿಪರ್ ಎಲ್ಲ ಗುಜರಿಯಿಂದ ತಂದು ಕಾಫಿ ಚೀಲದಲ್ಲಿ ತುಂಬಿಕೊಂಡೇ ಬಂದಿದ್ದ. ಅಪ್ಪನನ್ನು ತಿಂಗಳಿಗೊಮ್ಮೆ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಗಾಡಿ ಅದು. ಅವನ ಹೆದರಿಕೆ ನನಗೆ ಚೆನ್ನಾಗಿ ಅರ್ಥವಾಯಿತು. ಆದರೂ ಡಿಸ್ಕ್ ಹಾಕಿಕೊಡಲಿಲ್ಲ.

ಮೊದಲು ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದೆ. ಹೊಸ ಆಯಿಲ್ ತಿಳಿ ಜೇನಿನ ಬಣ್ಣಕ್ಕಿರುತ್ತದೆ. ಇವನದ್ದು ಕಾಫಿ ಡಿಕಾಕ್ಷನ್. ಯಾವಾಗ ಬದಲಿಸಿದ್ದು ಎಂದರೆ, "ಅದನ್ನೂ ಬದಲಿಸಬೇಕಾ?" ಎಂದ. ಗಾಡಿ ತಗೊಂಡು 6 ವರ್ಷ!

ಪೆಡಲ್ ತುಳಿದ ಒತ್ತಡವನ್ನು ಚಕ್ರದವರೆಗೆ ಒಯ್ಯುವುದು ಬ್ರೇಕ್ ಆಯಿಲ್. ಅದು ಗಾಳಿಯ ತೇವ ಹೀರುತ್ತದೆ. ನಮ್ಮ ಮಳೆಗಾಲ ಗೊತ್ತಲ್ಲ, ಅಡುಗೆ ಮನೆಯ ಉಪ್ಪೇ ನೀರಾಗುತ್ತದೆ. ಡಾಟ್ 3 ಎಂಬ ಗ್ರೇಡಿನ ಆಯಿಲ್ ಹೊಸದಿದ್ದಾಗ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ಅದರಲ್ಲಿ ಶೇ 3.7ರಷ್ಟು ನೀರು ಸೇರಿದರೆ 140ಕ್ಕೇ ಕುದಿಯಬಹುದು. ಡಾಟ್ 4ಕ್ಕೆ ಈ ಲೆಕ್ಕ 230 ಮತ್ತು 155. ಆಯಿಲ್ ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತದೆ. ಆಯಿಲ್ ಅದುಮಿದರೆ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ನೀವು ತುಳಿಯುವುದು ಗುಳ್ಳೆಯನ್ನು, ಬ್ರೇಕನ್ನಲ್ಲ. ಕೆಳಗೆ ಗಾಡಿ ನಿಲ್ಲಿಸಿ ಟೀ ಕುಡಿದು ಬರುವಷ್ಟರಲ್ಲಿ ಆಯಿಲ್ ತಣ್ಣಗಾಗಿ ಪೆಡಲ್ ಮತ್ತೆ ಗಟ್ಟಿಯಾಗಿರುತ್ತದೆ. ಅದಕ್ಕೇ ಯಾರಿಗೂ ಆಯಿಲ್ ಮೇಲೆ ಅನುಮಾನ ಬರುವುದಿಲ್ಲ.

ಬಿಸಿ ಎಷ್ಟು ಅಂತೀರಾ? ಮಡಿಕೇರಿಯಿಂದ ಸಂಪಾಜೆಗೆ ಹೋದರೆ ಸುಮಾರು 1,000 ಮೀಟರ್ ಕೆಳಗಿಳಿದ ಹಾಗೆ. 1,200 ಕಿಲೋ ಗಾಡಿಯನ್ನು ಅಷ್ಟು ದೂರವೂ ಬ್ರೇಕಿನಲ್ಲೇ ತಡೆದರೆ, ಹಂಡೆಯಲ್ಲಿ 35 ಲೀಟರ್ ತಣ್ಣೀರು ಕುದಿ ಬರಿಸುವಷ್ಟು ಶಾಖ. ಇದರಲ್ಲಿ ಹೆಚ್ಚಿನ ಪಾಲು ಹೋಗುವುದು ಮುಂದಿನ ಚಕ್ರಕ್ಕೆ, ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ ಅಲ್ವಾ. ಮುಂದೆ ಇರುವುದು ಏನು? ಡಿಸ್ಕ್! ನಿಮ್ಮ ಆಯಿಲ್ ಕುದಿದಿದ್ದರೆ ಬಹುಪಾಲು ಆ ಡಿಸ್ಕಿನ ಕ್ಯಾಲಿಪರಿನಲ್ಲೇ ಕುದಿದಿರುತ್ತದೆ. ಬೈಗುಳ ಮಾತ್ರ ಹಿಂದಿನ ಡ್ರಮ್ಮಿಗೆ. ಇದನ್ನು ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗುವುದಿಲ್ಲ, ನನಗೆ ಸಿಟ್ಟು ಬರುವುದು ಇಲ್ಲೇ.

ಸರಿ, ಹಿಂದೆಯೂ ಡಿಸ್ಕ್ ಇದ್ದರೆ ಒಳ್ಳೆಯದೇ ತಾನೇ ಎಂದು ಕೇಳುತ್ತಾರೆ. ಕಂಪನಿಯೇ ಹಾಕಿ ಕೊಟ್ಟಿದ್ದರೆ ಒಳ್ಳೆಯದು, ಬೇಗ ತಣಿಯುತ್ತದೆ. ಗುಜರಿ ಚೀಲದಿಂದ ತೆಗೆದು ಹಾಕಿದರೆ ಬೇರೆ ಕಥೆ. ತಿರುಗುವ ಡ್ರಮ್ಮು ತನ್ನೊಳಗಿನ ಎರಡು ಶೂಗಳಲ್ಲಿ ಮುಂದಿನದನ್ನು ತಾನೇ ತನ್ನತ್ತ ಎಳೆದುಕೊಳ್ಳುತ್ತದೆ, ಹಾಗಾಗಿ ಕಡಿಮೆ ಒತ್ತಡಕ್ಕೂ ಚೆನ್ನಾಗಿ ಹಿಡಿಯುತ್ತದೆ. ಡಿಸ್ಕಿನಲ್ಲಿ ಅದಿಲ್ಲ. ಅದಕ್ಕೆ ದೊಡ್ಡ ಪಿಸ್ಟನ್ ಬೇಕು, ಹೆಚ್ಚು ಆಯಿಲ್ ಬೇಕು, ಪೆಡಲ್ ತುಳಿದಾಗ ಆಯಿಲ್ ತಳ್ಳುವ ಹಳೇ ಮಾಸ್ಟರ್ ಸಿಲಿಂಡರ್ ಅಷ್ಟು ತಳ್ಳದಿದ್ದರೆ ಪೆಡಲ್ ಇನ್ನೂ ಕೆಳಗೆ ಹೋಗುತ್ತದೆ. ಹಿಂದೆ ಕಡಿಮೆ ಹಿಡಿದರೆ ದುಡ್ಡು ಖರ್ಚು ಮಾಡಿ ಬ್ರೇಕ್ ಹಾಳುಮಾಡಿಕೊಂಡಂತೆ. ಜಾಸ್ತಿ ಹಿಡಿದರೆ ಅದು ಇನ್ನೂ ಕೆಟ್ಟದ್ದು. ಮುಂದಿನ ಚಕ್ರ ಮೊದಲು ಜಾಮ್ ಆದರೆ ಗಾಡಿ ನೆಟ್ಟಗೆ ಜಾರುತ್ತದೆ, ಹಿಂದಿನದು ಮೊದಲು ಜಾಮ್ ಆದರೆ ಬಾಲ ಮುಂದೆ ಬರುತ್ತದೆ. ಮದೆನಾಡು ದಾಟಿ, ಒದ್ದೆ ಎಲೆ ಬಿದ್ದ ತಿರುವಿನಲ್ಲಿ, ಎದುರಿಂದ ಬಸ್ಸು ಬರುವಾಗ ಹಾಗಾದರೆ ಏನು ಮಾಡುತ್ತೀರಿ? ಹಿಂದೆ ಎಷ್ಟು ಒತ್ತಡ ಹೋಗಬೇಕು ಎಂದು ಕಂಪನಿಯವರು ವಾಲ್ವ್ ಇಟ್ಟು ಅಳೆದು ಕೊಟ್ಟಿರುತ್ತಾರೆ. ಅದನ್ನು ನಾನು ಕಣ್ಣಂದಾಜಿನಲ್ಲಿ ಬದಲಿಸಲಾರೆ.

ಹ್ಯಾಂಡ್ ಬ್ರೇಕ್ ವಿಷಯ ಒಂದಿದೆ. ಬೇರೆ ಊರಿನಲ್ಲಿ ಡಿಸ್ಕ್ ಹಾಕಿಸಿದ್ದ ಒಂದು ಗಾಡಿ ನನ್ನ ಕಣ್ಣೆದುರೇ ತೋಟದ ಇಳಿಜಾರಿನಲ್ಲಿ ತಾನಾಗಿ ಹೊರಟಿತು. ಕೇಬಲ್ ಎಳೆತ ಹೊಸ ಕ್ಯಾಲಿಪರಿಗೆ ಸಾಲುತ್ತಿರಲಿಲ್ಲ. ಸಿಲ್ವರ್ ಓಕ್ ಮರಕ್ಕೆ ಗುದ್ದಿ ನಿಂತಿತು. ಅಲ್ಲಿಂದ ಇಪ್ಪತ್ತು ಹೆಜ್ಜೆ ಕೆಳಗೆ ಕಣ, ಕಾಫಿ ಹರಡಿದ ಪಕ್ಕ ಎರಡು ಮಕ್ಕಳು ಆಡುತ್ತಿದ್ದರು. ಈಗಲೂ ನೆನಪಾದರೆ ಕೈ ತಣ್ಣಗಾಗುತ್ತದೆ.

ಅದೇ ಮಾಡೆಲ್ಲಿನ ಮೇಲಿನ ವೇರಿಯಂಟಿನಲ್ಲಿ ಹಿಂದೆ ಡಿಸ್ಕ್ ಬಂದಿದ್ದರೆ, ಮಾಸ್ಟರ್ ಸಿಲಿಂಡರ್, ವಾಲ್ವ್, ಹ್ಯಾಂಡ್ ಬ್ರೇಕ್ ಕೇಬಲ್ ಸಮೇತ ಪೂರ್ತಿ ಸೆಟ್ ಹಾಕುವ ಬಗ್ಗೆ ಮಾತಾಡಬಹುದು. ಆಗಲೂ ಆರ್‌ಟಿಒ ಮತ್ತು ಇನ್ಶೂರೆನ್ಸ್‌ನವರನ್ನು ಮೊದಲು ಕೇಳಿಕೊಳ್ಳಿ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ) ಇರುವ ಗಾಡಿಗೆ ನಾನಂತೂ ಕೈ ಹಾಕುವುದಿಲ್ಲ.

ಹುಡುಗನ ಗಾಡಿಯ ಡ್ರಮ್ ಬಿಚ್ಚಿದರೆ ಒಳಗೆ ತೋಟದ ಕೆಂಪು ಮಣ್ಣು ಹೆಪ್ಪುಗಟ್ಟಿತ್ತು, ಶೂ ಸವೆದಂತೆ ಅದನ್ನು ಡ್ರಮ್ಮಿನ ಹತ್ತಿರ ತರುವ ಅಡ್ಜಸ್ಟರ್ ತುಕ್ಕು ಹಿಡಿದು ಕೂತಿತ್ತು, ಶೂ ತಳ್ಳುವ ಒಂದು ವೀಲ್ ಸಿಲಿಂಡರ್ ಜಿನುಗಿ ಶೂ ಒದ್ದೆ. (ಆ ಧೂಳನ್ನು ಏರ್ ಹೊಡೆದು ಊದಬೇಡಿ, ಉಸಿರಿಗೆ ಒಳ್ಳೆಯದಲ್ಲ.) ಎರಡೂ ಕಡೆ ಹೊಸ ಶೂ, ಸಿಲಿಂಡರ್ ಹಾಕಿದೆ. ಮುಚ್ಚಳದ ಮೇಲೆ ಬರೆದ ಗ್ರೇಡಿನದೇ ಹೊಸ ಆಯಿಲ್ ತುಂಬಿ ನಾಲ್ಕೂ ಚಕ್ರದಲ್ಲಿ ಏರ್ ತೆಗೆದೆ. ಎರಡು ವರ್ಷಕ್ಕೊಮ್ಮೆ ಇದನ್ನು ಬದಲಿಸು ಎಂದು ಡಬ್ಬಿಯ ಮೇಲೆ ತಾರೀಖು ಬರೆದು ಅಂಟಿಸಿದೆ.

ಆಮೇಲೆ ಕೇಳಿದೆ, "ಯಾವ ಗೇರಲ್ಲಿ ಇಳಿಯುತ್ತೀಯ?" "ನ್ಯೂಟ್ರಲ್ ಅಣ್ಣಾ, ಪೆಟ್ರೋಲ್ ಉಳಿಯುತ್ತದೆ." ಉಳಿಯುವುದಿಲ್ಲ ಮಾರಾಯ! ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಜಿನ್ನಿಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ, ನ್ಯೂಟ್ರಲ್ಲಿನಲ್ಲೇ ಸುಮ್ನೆ ಉರಿಯುವುದು. ಹತ್ತಿದ ಗೇರಿನಲ್ಲೇ ಇಳಿ ಎಂದು ಹಳೇ ಲಾರಿ ಡ್ರೈವರುಗಳು ಹೇಳುತ್ತಿದ್ದರು, ಅದನ್ನೇ ಇವನಿಗೂ ಹೇಳಿ ಕಳಿಸಿದೆ.

ಮುಂದಿನ ವಾರ ಸಂಪಾಜೆಯಿಂದ ಫೋನ್ ಮಾಡಿದ. ಸೆಕೆಂಡ್, ಥರ್ಡಿನಲ್ಲೇ ಇಳಿದನಂತೆ, ಪೆಡಲ್ ಮೇಲಿದ್ದ ಹಾಗೇ ಇದೆಯಂತೆ, ಅಪ್ಪ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದಾರಂತೆ. ಗುಜರಿ ಚೀಲ ಇನ್ನೂ ನನ್ನ ಗ್ಯಾರೇಜಿನ ಮೂಲೆಯಲ್ಲೇ ಇದೆ.